‘ನೆಬೊ’ ನಮ್ಮ ‘ನಭ’ದ ಮಗಳಲ್ಲ, ಒಡಹುಟ್ಟಿದವಳು

1/8 — ಆ ರೀಲ್ ಬಗ್ಗೆ

ಫ್ರೆಂಡ್ಸ್, ಈ ಥರದ ರೀಲ್ ನಿಮ್ಮ ಫೀಡಲ್ಲೂ ಬಂದಿರುತ್ತೆ. ಒಂದು ಕಡೆ ರಷ್ಯನ್ ಪದ, ಇನ್ನೊಂದು ಕಡೆ ಸಂಸ್ಕೃತ ಪದ. ಆಕಾಶಕ್ಕೆ ಅವರು ‘ನೆಬೊ’ ಅಂತಾರೆ, ಸಂಸ್ಕೃತದಲ್ಲಿ ‘ನಭಸ್’. ಹಿಂದೆ ಒಂದು ಜೋರು ಮ್ಯೂಸಿಕ್. ಕೊನೆಗೆ ದೊಡ್ಡ ಅಕ್ಷರದಲ್ಲಿ ತೀರ್ಪು: ‘ರಷ್ಯನ್ ಹುಟ್ಟಿದ್ದೇ ಸಂಸ್ಕೃತದಿಂದ!’

ಮೊದಲರ್ಧ ನಿಜ. ನೆಬೊ ಮತ್ತು ನಭಸ್ ನಿಜವಾಗಿಯೂ ಒಂದೇ ಬೇರಿನ ಪದಗಳು. ಎರಡನೇ ಅರ್ಧ ತಪ್ಪು. ‘ಇರ್ಲಿ ಬಿಡು, ಖುಷಿಗೆ ಹಾಕ್ಕೊಂಡಿದ್ದಾರೆ’ ಅಂತ ಬಿಡಬಹುದಿತ್ತು. ಆದರೆ ಇದೇ ಲೆಕ್ಕದಲ್ಲಿ ನಾಳೆ ‘ಕನ್ನಡ ಹುಟ್ಟಿದ್ದೇ ಸಂಸ್ಕೃತದಿಂದ’ ಅಂತಾರೆ. ನಾಳಿದ್ದು ‘ಕನ್ನಡ ಹುಟ್ಟಿದ್ದೇ ತಮಿಳಿಂದ’ ಅಂತಾರೆ. ಆಗ ನಮಗೆ ಸಿಟ್ಟು ಬರುತ್ತೆ, ಕಾಮೆಂಟಲ್ಲಿ ಜಗಳ ಆಗುತ್ತೆ, ಆದರೆ ಉತ್ತರ ಕೊಡೋಕೆ ಕೈಯಲ್ಲಿ ಏನೂ ಇರಲ್ಲ.

ನನ್ನ ವಾದ ಇಷ್ಟೇ: ಎರಡು ಪದ ಒಂದೇ ಥರ ಕೇಳಿಸೋದು ಸಾಕ್ಷಿಯ ಶುರು ಮಾತ್ರ. ಆ ಪದಕ್ಕೆ ವಿಭಕ್ತಿ ಹಚ್ಚಿದಾಗ ಏನಾಗುತ್ತೆ ಅನ್ನೋದನ್ನ ನೋಡಬೇಕು. ಸಂಬಂಧ ಏನು ಅಂತ ಅಲ್ಲಿ ಗೊತ್ತಾಗುತ್ತೆ. ಈ ಎಂಟು ಪೋಸ್ಟಲ್ಲಿ ನೆಬೊ ಅನ್ನೋ ಒಂದೇ ಪದ ಇಟ್ಕೊಂಡು ಅದನ್ನ ತೋರಿಸ್ತೀನಿ. ಸ್ವಲ್ಪ ವ್ಯಾಕರಣ ಬರುತ್ತೆ, ಹೆದರಬೇಡಿ. ಹತ್ತನೇ ಕ್ಲಾಸಿನ ವಿಭಕ್ತಿ ಪ್ರತ್ಯಯ ನೆನಪಿದ್ರೆ ಸಾಕು.

2/8 — ತಲೆ ಮೇಲೆ ನಕ್ಷತ್ರ ಯಾಕೆ

ಭಾಷಾಶಾಸ್ತ್ರದ ಪುಸ್ತಕದಲ್ಲಿ ಈ ಪದ ಹೀಗೆ ಕಾಣುತ್ತೆ: *ನೆಬೊ. ಮುಂದೆ ಇರೋ ಆ ನಕ್ಷತ್ರ ಚಿಹ್ನೆಯ ಅರ್ಥ, ‘ಇದನ್ನ ಬರೆದಿಟ್ಟಿದ್ದು ಯಾರೂ ನೋಡಿಲ್ಲ, ಲೆಕ್ಕ ಹಾಕಿ ಕಂಡುಕೊಂಡಿದ್ದು’.

ರಷ್ಯನ್, ಉಕ್ರೇನಿಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್, ಸ್ಲೊವೇನಿಯನ್ ಎಲ್ಲಾ ಒಂದು ಕಾಲಕ್ಕೆ ಒಂದೇ ಭಾಷೆ. ಅದಕ್ಕೆ ಮೂಲ ಸ್ಲಾವಿಕ್ ಅಂತಾರೆ. ಅದನ್ನ ಆಡ್ತಿದ್ದವರು ಬರೆದಿಟ್ಟಿದ್ದು ನಮಗೆ ಏನೂ ಸಿಕ್ಕಿಲ್ಲ. ಸ್ಲಾವಿಕ್ ಮಾತಿಗೆ ಸರಿಯಾದ ಬರಹ ಬಂದದ್ದು 9ನೇ ಶತಮಾನದಲ್ಲಿ. ಸಿರಿಲ್ ಮತ್ತು ಮೆಥೋಡಿಯಸ್ ಅನ್ನೋ ಅಣ್ಣತಮ್ಮ 863ರಲ್ಲಿ ಮೊರಾವಿಯಾಕ್ಕೆ ಹೋಗಿ ಕ್ರೈಸ್ತ ಗ್ರಂಥಗಳನ್ನ ಸ್ಲಾವಿಕ್‌ಗೆ ತಂದರು. ಅಷ್ಟೊತ್ತಿಗೆ ಮೂಲ ಭಾಷೆ ಕವಲೊಡೆಯೋಕೆ ಶುರುವಾಗಿತ್ತು.

ಹಾಗಾದ್ರೆ ಮೂಲ ರೂಪ ಗೊತ್ತಾಗೋದು ಹೇಗೆ? ಮಕ್ಕಳನ್ನ ಸಾಲಾಗಿ ನಿಲ್ಲಿಸಿ ನೋಡಿ. ರಷ್ಯನ್ ನೆಬೊ, ಪೋಲಿಷ್ ನ್ಯೆಬೊ, ಸರ್ಬಿಯನ್ ನೆಬೊ, ಚೆಕ್ ನೆಬೆ, ಬಲ್ಗೇರಿಯನ್ ನೆಬೆ. ಪ್ರತಿ ಭಾಷೆಯಲ್ಲೂ ಧ್ವನಿ ಬದಲಾಗಿರೋದಕ್ಕೆ ಒಂದು ಕ್ರಮ ಇರುತ್ತೆ. ನಮ್ಮ ಪಾಲ್–ಹಾಲು, ಪೂ–ಹೂ, ಪುಲಿ–ಹುಲಿ ಥರ. ಹಳಗನ್ನಡದ ‘ಪ’ ಸುಮ್ಮನೆ ಎಲ್ಲೋ ಒಂದು ಕಡೆ ‘ಹ’ ಆಗಲಿಲ್ಲ, ಸಾಲಾಗಿ ಆಯ್ತು. ನಮಗೆ ಹಳಗನ್ನಡದ ಶಾಸನ, ಕಾವ್ಯ ಇವೆ. ಅದಕ್ಕೇ ‘ಪಾಲ್’ಗೆ ನಕ್ಷತ್ರ ಬೇಕಿಲ್ಲ. ಅವರಿಗೆ ಅಷ್ಟು ಹಳೆಯ ಬರಹ ಇಲ್ಲ, ಹಾಗಾಗಿ ನಕ್ಷತ್ರ.

ಈ ಚಿಹ್ನೆ ನಂಗೆ ತುಂಬಾ ಇಷ್ಟ. ‘ಇಷ್ಟು ಗೊತ್ತು, ಇದು ಊಹೆ’ ಅಂತ ಗೆರೆ ಎಳೆದು ತೋರಿಸುತ್ತೆ. ರೀಲ್‌ಗಳಲ್ಲಿ ಇಲ್ಲದೇ ಇರೋದು ಇದೇ. ಓದೋಕೆ ಸುಲಭ ಆಗ್ಲಿ ಅಂತ ಮುಂದೆ ನಕ್ಷತ್ರ ಬಿಟ್ಟು ಬರೀತೀನಿ, ಆದರೆ ಅದು ಇದೆ ಅಂತ ನೆನಪಿಟ್ಕೊಳ್ಳಿ.

3/8 — ವಿಭಕ್ತಿ ಹಚ್ಚಿದಾಗ ಹೊರಗೆ ಬರೋ ‘ಎಸ್’

ಮೊದಲು ಕನ್ನಡ. ‘ಮರ’ಕ್ಕೆ ‘ಅಲ್ಲಿ’ ಸೇರಿಸಿ. ಮರಲ್ಲಿ ಅಲ್ಲ, ಮರದಲ್ಲಿ. ನಡುವೆ ಒಂದು ‘ದ’ ಬಂತು. ತಮಿಳಲ್ಲಿ ಮರಂ, ಮರತ್ತಿಲ್. ಅಲ್ಲಿ ‘ತ್ತ್’. ಬರಿ ಪದದಲ್ಲಿ ಕಾಣದ ಒಂದು ತುಂಡು, ವಿಭಕ್ತಿ ಹಚ್ಚಿದ ಕೂಡಲೇ ಕಾಣುತ್ತೆ.

ಈಗ ಮೂಲ ಸ್ಲಾವಿಕ್ ನೋಡಿ:

ಪ್ರಥಮಾ: ನೆಬೊ (ಆಕಾಶ)
ಷಷ್ಠಿ: ನೆಬೆಸೆ (ಆಕಾಶದ)
ಚತುರ್ಥಿ: ನೆಬೆಸಿ (ಆಕಾಶಕ್ಕೆ)
ಬಹುವಚನ: ನೆಬೆಸಾ (ಆಕಾಶಗಳು)

ನೆಬೊದಲ್ಲಿ ಇಲ್ಲದ ‘ಎಸ್’ ಉಳಿದ ಎಲ್ಲಾ ಕಡೆ ಇದೆ. ಎಲ್ಲಿಂದ ಬಂತು? ಅದು ಬಂದಿದ್ದಲ್ಲ, ಮೊದಲಿಂದ ಇದ್ದಿದ್ದು. ಇನ್ನೂ ಹಿಂದೆ ಹೋದರೆ ಪದ ‘ನೆಭೊಸ್’ ಅಂತ ಇತ್ತು. ಸ್ಲಾವಿಕ್‌ನಲ್ಲಿ ಒಂದು ಹಂತದಲ್ಲಿ ಪದದ ಕೊನೆಯ ವ್ಯಂಜನಗಳೆಲ್ಲ ಬಿದ್ದು ಹೋದವು. ನೆಭೊಸ್‌ನ ‘ಸ್’ ಕೂಡ ಹೋಯ್ತು, ನೆಬೊ ಉಳೀತು. ಆದರೆ ನೆಬೆಸೆಯಲ್ಲಿ ‘ಸ್’ ನಡುವೆ ಇತ್ತು, ಅದರ ಮುಂದೆ ಸ್ವರ ಇತ್ತು, ಹಾಗಾಗಿ ಉಳ್ಕೊಳ್ತು.

ಇವತ್ತು ಏನಾಗಿದೆ? ರಷ್ಯನ್ನರು ಏಕವಚನದಲ್ಲಿ ‘ಎಸ್’ ಬಿಟ್ಟೇ ಬಿಟ್ಟಿದ್ದಾರೆ, ‘ಆಕಾಶದ’ ಅನ್ನೋಕೆ ನೆಬಾ ಅಂತಾರೆ. ಬಹುವಚನದಲ್ಲಿ ಮಾತ್ರ ನೆಬೆಸಾ ಉಳಿದಿದೆ, ಹೆಚ್ಚಾಗಿ ಪ್ರಾರ್ಥನೆಯ, ಕಾವ್ಯದ ಮಾತಲ್ಲಿ. ಸ್ಲೊವೇನಿಯನ್‌ನಲ್ಲಿ ಕೆಲವು ಪದಗಳಲ್ಲಿ ಈ ‘ಎಸ್’ ದಿನನಿತ್ಯದ ಮಾತಲ್ಲೇ ಇದೆ. ಕೊಲೊ ಅಂದ್ರೆ ಚಕ್ರ, ಸೈಕಲ್ಲಿಗೂ ಅದೇ ಪದ. ‘ಸೈಕಲ್ಲಿನ’ ಅನ್ನೋಕೆ ಕೊಲೆಸಾ. ರಷ್ಯನ್ನರು ಇದೇ ಪದವನ್ನ ತಿರುಗಿಸಿ ಕಟ್ಟಿದರು: ‘ಎಸ್’ ಇರೋ ರೂಪವನ್ನೇ ಹಿಡ್ಕೊಂಡು, ಚಕ್ರಕ್ಕೆ ‘ಕೊಲೆಸೊ’ ಅಂತ ಹೊಸ ಪ್ರಥಮಾ ರೂಪ ಮಾಡ್ಕೊಂಡರು.

ಇನ್ನೊಂದು ಮಜಾ. ರಷ್ಯನ್‌ನಲ್ಲಿ ನೆಬೊಗೆ ಒಂದು ಅವಳಿ ಪದ ಇದೆ, ‘ನ್ಯೊಬೊ’. ಅರ್ಥ ಬಾಯೊಳಗಿನ ಅಂಗುಳ. ಚರ್ಚಿನ ಭಾಷೆಯ ಉಚ್ಚಾರ ಆಕಾಶಕ್ಕೆ ಹೋಯ್ತು, ಆಡುಮಾತಿನ ಉಚ್ಚಾರ ಬಾಯಿಯ ಛಾವಣಿಗೆ ಉಳೀತು.

4/8 — ‘ಮನಸ್ಸು’ ಪದದ ಕೊನೆಯಲ್ಲೂ ಅದೇ ‘ಸ್’

ಈಗ ಸಂಸ್ಕೃತ ಪಕ್ಕಕ್ಕೆ ಇಡಿ. ಪ್ರಥಮಾ ನಭಃ, ಷಷ್ಠಿ ನಭಸಃ. ಇಲ್ಲೂ ಕೊನೆಯ ‘ಸ್’ ಸೊರಗಿ ವಿಸರ್ಗ ಆಗಿದೆ, ಮುಂದೆ ಸ್ವರ ಬಂದಾಗ ಪೂರ್ತಿ ‘ಸ’ ಆಗಿ ಕೇಳಿಸುತ್ತೆ. ನೆಬೊ–ನೆಬೆಸೆ, ನಭಃ–ನಭಸಃ. ಒಂದೇ ಜಾಗದಲ್ಲಿ ಅದೇ ‘ಸ್’ ಅಡಗಿಕೊಂಡು, ಅದೇ ಜಾಗದಲ್ಲಿ ಹೊರಗೆ ಬರುತ್ತೆ. ಬರೀ ‘ನೆಬ್’ ಮತ್ತು ‘ನಭ್’ ಹೋಲೋದಕ್ಕಿಂತ ಇದು ಎಷ್ಟೋ ಗಟ್ಟಿ ಸಾಕ್ಷಿ. ಕಾಕತಾಳೀಯವಾಗಿ ಎರಡು ಪದ ಹೋಲಬಹುದು. ಎರಡು ಪದಗಳ ವಿಭಕ್ತಿಯ ಏರುಪೇರು ಹೀಗೆ ಹೋಲೋದು ಕಷ್ಟ.

ಇದೊಂದು ದೊಡ್ಡ ಬಳಗ. ಸಂಸ್ಕೃತದ ಮನಸ್, ತಪಸ್, ಯಶಸ್, ವಯಸ್, ಶಿರಸ್ ಎಲ್ಲಾ ಇದೇ ಗುಂಪು. ನಾವು ದಿನಾ ಹೇಳೋ ಮನಸ್ಸು, ವಯಸ್ಸು, ಯಶಸ್ಸುಗಳ ‘ಸ್ಸು’ ನೆಬೆಸಾದ ‘ಸ್’ಗೆ ಸಂಬಂಧಿ.

ಗ್ರೀಕ್‌ನಲ್ಲಿ ನೆಫೊಸ್ ಅಂದ್ರೆ ಮೋಡ. ಹೋಮರನ ಕಾಲದ ಗ್ರೀಕ್‌ನಲ್ಲಿ ‘ಮೋಡದ’ ಅನ್ನೋಕೆ ನೆಫೆಒಸ್, ಯಾಕಂದ್ರೆ ಅವರ ಭಾಷೆ ಎರಡು ಸ್ವರಗಳ ನಡುವಿನ ‘ಸ್’ ನುಂಗಿಬಿಡ್ತು. ಲ್ಯಾಟಿನ್ ಅದೇ ಜಾಗದ ‘ಸ್’ ಅನ್ನು ‘ರ್’ ಮಾಡ್ತು. ಓಪುಸ್ ಅಂದ್ರೆ ಕೆಲಸ, ‘ಕೆಲಸದ’ ಅನ್ನೋಕೆ ಓಪೆರಿಸ್. ಆಸ್ಪತ್ರೆಯ ‘ಆಪರೇಷನ್’ನಲ್ಲಿ ಇರೋ ‘ರ’ ಇದೇ. ಅಂದ್ರೆ ಆಪರೇಷನ್‌ನ ‘ರ’ವೂ ಮನಸ್ಸಿನ ‘ಸ’ವೂ ದಾಯಾದಿಗಳು.

ಇಂದಿನ ಟರ್ಕಿಯಲ್ಲಿ ಮಣ್ಣಿನ ಹಲಗೆಗಳ ಮೇಲೆ 3200 ವರ್ಷಕ್ಕೂ ಹಿಂದೆ ಬರೆದ ಹಿಟ್ಟೈಟ್ ಭಾಷೆ ಇದೆ. ಅಲ್ಲಿ ಆಕಾಶಕ್ಕೆ ‘ನೇಪಿಸ್’, ‘ಆಕಾಶದ’ ಅನ್ನೋಕೆ ‘ನೇಪಿಸಸ್’. ಅಲ್ಲೂ ‘ಸ್’ ಕೂತಿದೆ.

5/8 — ಒಂದೇ ಮನೆಯವರು ಸರಿ, ತಾಯಿ ಯಾರು?

‘ಅಲ್ಲಿಗೆ ಸಂಸ್ಕೃತವೇ ತಾಯಿ ಅಂತ ಆಯ್ತಲ್ಲ’ ಅಂತ ಕಾಮೆಂಟ್ ಟೈಪ್ ಮಾಡ್ತಿದ್ದೀರಾ? ಒಂದು ನಿಮಿಷ.

ಸ್ಕೂಲಲ್ಲಿ ವರ್ಣಮಾಲೆ ಹೇಳ್ಕೊಡೋವಾಗ ಒಂದು ಮಾತು ಕೇಳಿರ್ತೀರಿ: ಕನ್ನಡದಲ್ಲಿ ಎ–ಏ, ಒ–ಓ ಎರಡೂ ಇವೆ, ಸಂಸ್ಕೃತದಲ್ಲಿ ಹ್ರಸ್ವ ‘ಎ’, ಹ್ರಸ್ವ ‘ಒ’ ಇಲ್ಲ. ಇಡೀ ಕೇಸ್ ತೀರ್ಮಾನ ಆಗೋದು ಈ ಸಣ್ಣ ಸಂಗತಿಯಿಂದ.

ನೆಬೆಸೆ: ಎ, ಎ, ಎ. ನಭಸಃ: ಅ, ಅ, ಅ. ಈಗ ಅಂಕಿಗಳು. ಸಂಸ್ಕೃತದ ದಶ, ಗ್ರೀಕ್‌ನಲ್ಲಿ ದೆಕ, ಲ್ಯಾಟಿನ್‌ನಲ್ಲಿ ದೆಕೆಮ್. ಸಂಸ್ಕೃತದ ಅಷ್ಟ, ಅವೆರಡರಲ್ಲೂ ಒಕ್ತೊ. ಒಂದು ಕಡೆ ಸಂಸ್ಕೃತದ ‘ಅ’ ಎದುರು ‘ಎ’, ಇನ್ನೊಂದು ಕಡೆ ಅದೇ ‘ಅ’ ಎದುರು ‘ಒ’. ಸಂಸ್ಕೃತದ ‘ಅ’ ಮೂಲ ಆಗಿದ್ರೆ, ಗ್ರೀಕರು, ಲ್ಯಾಟಿನ್ನರು, ಸ್ಲಾವರು ಎಲ್ಲಾ ಬೇರೆ ಬೇರೆ ಊರಲ್ಲಿ ಕೂತು ‘ಇದನ್ನ ಎ ಮಾಡೋಣ, ಅದನ್ನ ಒ ಮಾಡೋಣ’ ಅಂತ ಒಂದೇ ಥರ ಆರಿಸಿಕೊಂಡಿರಬೇಕು. ಅದು ಆಗೋ ಮಾತಲ್ಲ. ಮೂಲದಲ್ಲಿ ಎ, ಒ, ಅ ಬೇರೆ ಬೇರೆ ಇದ್ದವು, ಸಂಸ್ಕೃತದ ಕಡೆ ಎಲ್ಲಾ ಸೇರಿ ‘ಅ’ ಆದವು. ಹಾಲಿಗೆ ನೀರು ಬೆರೆಸಬಹುದು, ಬೆರೆತ ಮೇಲೆ ಬೇರೆ ಮಾಡೋಕಾಗಲ್ಲ.

ಸಂಸ್ಕೃತದಲ್ಲೇ ಇದರ ಗುರುತು ಉಳಿದಿದೆ. ಧಾತುವಿನ ಮೊದಲ ಅಕ್ಷರ ಎರಡು ಸಲ ಬಂದಾಗ ‘ಪತ್’ನಿಂದ ಪಪಾತ ಆಗುತ್ತೆ, ಸರಿ. ಆದರೆ ‘ಗಮ್’ನಿಂದ ಗಗಾಮ ಅಲ್ಲ, ಜಗಾಮ. ‘ಕೃ’ಯಿಂದ ಚಕಾರ. ಗ ಹೋಗಿ ಜ, ಕ ಹೋಗಿ ಚ ಯಾಕೆ? ಆ ಜಾಗದಲ್ಲಿ ಒಂದು ಕಾಲಕ್ಕೆ ‘ಎ’ ಇತ್ತು. ‘ಎ’ ಮುಂದಿದ್ದಾಗ ನಾಲಿಗೆ ಮುಂದಕ್ಕೆ ಸರಿದು ‘ಕೆ’ ‘ಚೆ’ ಆಯ್ತು. ಆಮೇಲೆ ‘ಎ’ ಬದಲಾಗಿ ‘ಅ’ ಆಯ್ತು, ‘ಚ’ ಹಾಗೇ ಉಳೀತು. ನಾವು ಬಳಸೋ ಚಕ್ರ, ಜಗತ್ತು ಎರಡರಲ್ಲೂ ಈ ಗುರುತಿದೆ.

ಯುರೋಪಿನವರಿಗೂ ಇದು ಮೊದಲೇ ಗೊತ್ತಿರಲಿಲ್ಲ. ಆಗಸ್ಟ್ ಷ್ಲೈಖರ್ 1868ರಲ್ಲಿ ಮೂಲ ಭಾಷೆ ಹೀಗಿತ್ತು ಅಂತ ತೋರಿಸೋಕೆ ಕುರಿ ಮತ್ತು ಕುದುರೆಗಳ ಒಂದು ಪುಟ್ಟ ಕಥೆ ಬರೆದರು. ಅದರ ಸ್ವರಗಳು ಸಂಸ್ಕೃತದ ಥರವೇ ‘ಅ’ಮಯ. 1870ರ ದಶಕದಲ್ಲಿ ಈ ಕ–ಚ ನಿಯಮ ಹೊಳೀತು. ಹರ್ಮನ್ ಹರ್ಟ್ ಎ, ಒ ಹಾಕಿ ತಿದ್ದಿ ಬರೆದ ಅದೇ ಕಥೆ 1939ರಲ್ಲಿ ಪ್ರಕಟವಾಯ್ತು. ಸಾಕ್ಷಿ ಬಂದಾಗ ಬದಲಾಗೋ ವಿದ್ಯೆ ಇದು.

ಹಾಗಂತ ಸ್ಲಾವಿಕ್ ತಾಯಿಯೂ ಅಲ್ಲ. ನಭಸ್‌ನ ‘ಭ’ ಮಹಾಪ್ರಾಣವನ್ನ ಸಂಸ್ಕೃತ ಉಳಿಸ್ಕೊಳ್ತು, ಸ್ಲಾವಿಕ್ ಕಳ್ಕೊಂಡು ‘ಬ’ ಮಾಡ್ಕೊಳ್ತು. ಒಬ್ಬರು ಸ್ವರ ಉಳಿಸಿದರು, ಇನ್ನೊಬ್ಬರು ವ್ಯಂಜನ ಉಳಿಸಿದರು. ಅಕ್ಕತಂಗಿಯರ ನಡುವೆ ಆಗೋದು ಹೀಗೇ.

6/8 — ಕಿವಿ ನಂಬಿದ್ರೆ ಎಲ್ಲಿ ಬೀಳ್ತೀವಿ

ಒಂದು ಸಣ್ಣ ಪರೀಕ್ಷೆ. ಸ್ಲಾವಿಕ್‌ನ ನೆಬೆಸಿ, ಸಂಸ್ಕೃತದ ನಭಸಿ. ಎಷ್ಟು ಚೆನ್ನಾಗಿ ಜೋಡಿ ಆಗುತ್ತೆ ಅಲ್ವಾ? ರೀಲ್ ಮಾಡೋರಿಗೆ ಹಬ್ಬ. ಆದರೆ ನೆಬೆಸಿ ಚತುರ್ಥಿ, ‘ಆಕಾಶಕ್ಕೆ’. ನಭಸಿ ಸಪ್ತಮಿ, ‘ಆಕಾಶದಲ್ಲಿ’. ನೆಬೆಸಿಗೆ ನಿಜವಾದ ಜೋಡಿ ಸಂಸ್ಕೃತದ ಚತುರ್ಥಿ ‘ನಭಸೇ’. ಮೂಲದ ‘ಎಯ್’ ಅನ್ನೋ ಪ್ರತ್ಯಯ ಸ್ಲಾವಿಕ್‌ನಲ್ಲಿ ‘ಇ’ ಆಯ್ತು, ಸಂಸ್ಕೃತದಲ್ಲಿ ‘ಏ’ ಆಯ್ತು. ಹೆಚ್ಚು ಹೋಲೋದು ಸುಳ್ಳು ಜೋಡಿ, ಕಮ್ಮಿ ಹೋಲೋದು ನಿಜ ಜೋಡಿ.

ಇನ್ನೂ ದೂರದ ಉದಾಹರಣೆ ಬೇಕಾ? ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂಬಬರಮ್ ಭಾಷೆಯಲ್ಲಿ ನಾಯಿಗೆ ಇರೋ ಪದ ಇಂಗ್ಲಿಷಿನ ‘ಡಾಗ್’ ಥರವೇ ಇದೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಅದು ಅವರದೇ ಹಳೆಯ ಪದ ಸವೆದು ಹಾಗಾಗಿದ್ದು.

ಅರ್ಥವನ್ನೂ ಹಾಗೇ ನಂಬೋಕಾಗಲ್ಲ. ನೆಭೊಸ್‌ಗೆ ಮೊದಲು ಮೋಡ, ಮಂಜು ಅನ್ನೋ ಅರ್ಥ ಇದ್ದಿರಬೇಕು. ಗ್ರೀಕ್‌ನಲ್ಲಿ ಮೋಡ, ಲ್ಯಾಟಿನ್ನಿನ ನೆಬುಲಾ ಮತ್ತು ಜರ್ಮನ್ನಿನ ನೇಬೆಲ್ ಎರಡೂ ಮಂಜು, ಸ್ಲಾವಿಕ್‌ನಲ್ಲಿ ಆಕಾಶ. ಮೋಡ ಇರೋ ಜಾಗವೇ ಮೋಡದ ಹೆಸರು ಪಡ್ಕೊಳ್ತು. ಈಗ ನಮ್ಮ ‘ಮುಗಿಲು’ ನೋಡಿ. ತಮಿಳಲ್ಲಿ ಮುಗಿಲ್ ಅಂದ್ರೆ ಮೋಡ, ಹಳಗನ್ನಡದಲ್ಲೂ ಮೋಡ. ಧಾರವಾಡದ ಕಡೆ ‘ಮುಗಿಲು ನೋಡು’ ಅಂದ್ರೆ ಆಕಾಶ ನೋಡು ಅಂತ. ಅದೇ ದಾರಿ, ಆದರೆ ಎರಡು ಬೇರೆ ಬೇರೆ ಕುಟುಂಬ. ಮನುಷ್ಯರು ಎಲ್ಲಾ ಕಡೆ ತಲೆ ಎತ್ತಿ ಅದೇ ಮೋಡ, ಅದೇ ಆಕಾಶ ನೋಡ್ತಾರೆ. ಅರ್ಥ ಒಂದೇ ಥರ ಬದಲಾಯ್ತು ಅಂತ ನೆಂಟಸ್ತನ ಕಟ್ಟೋಕಾಗಲ್ಲ.

7/8 — ಇದರಲ್ಲಿ ಕನ್ನಡದ್ದೇನಿದೆ

ಕನ್ನಡದಲ್ಲೂ ‘ನಭ’ ಇದೆ. ಹಾಗಾದ್ರೆ ನಾವೂ ಆ ಮನೆಯವರಾ? ವಿಭಕ್ತಿ ಹಚ್ಚಿ ನೋಡಿ: ನಭದಲ್ಲಿ. ‘ಮರದಲ್ಲಿ’ಯ ಅದೇ ‘ದ’. ಮನಸ್ಸಿನಲ್ಲಿ? ಬಸ್ಸಿನಲ್ಲಿ ಹೇಗೋ ಹಾಗೇ. ಕನ್ನಡದ ಕಣ್ಣಿಗೆ ಮನಸ್ಸಿನ ‘ಸ್’ ಮತ್ತು ಬಸ್ಸಿನ ‘ಸ್’ ಒಂದೇ, ಎರಡೂ ಪದದ ಕೊನೆ ಅಷ್ಟೇ. ಸ್ಲಾವಿಕ್‌ನಲ್ಲಿ ‘ಎಸ್’ ಪ್ರಥಮಾದಲ್ಲಿ ಅಡಗಿ ಷಷ್ಠಿಯಲ್ಲಿ ಎದ್ದು ಬರುತ್ತೆ, ಯಾಕಂದ್ರೆ ಅದು ಅಜ್ಜಿಯಿಂದ ಬಂದ ಆಸ್ತಿ. ನಮ್ಮಲ್ಲಿ ಹಾಗಾಗಲ್ಲ, ಯಾಕಂದ್ರೆ ನಾವು ಪಕ್ಕದ ಮನೆಯಿಂದ ತಂದ ಪದ ಅದು. ತಂದಿದ್ದರಲ್ಲಿ ನಾಚಿಕೆ ಏನಿಲ್ಲ, ಎಷ್ಟೋ ಶತಮಾನದಿಂದ ಬಳಸಿ ನಮ್ಮದೇ ಮಾಡ್ಕೊಂಡಿದ್ದೀವಿ. ಆದರೆ ಪದ ತರೋದು ಸುಲಭ, ವಿಭಕ್ತಿ ತರೋದು ತೀರಾ ಅಪರೂಪ. ‘ಬಸ್ಸಿನಲ್ಲಿ’ ಅಂದ ಮಾತ್ರಕ್ಕೆ ಕನ್ನಡ ಇಂಗ್ಲಿಷಿನ ಮಗಳು ಅಂತ ಯಾರೂ ಅನ್ನಲ್ಲ.

1816 ಅನ್ನೋ ಇಸವಿ ನೆನಪಿಟ್ಕೊಳ್ಳಿ. ಆ ವರ್ಷ ಜರ್ಮನಿಯಲ್ಲಿ ಫ್ರಾನ್ಸ್ ಬಾಪ್ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪರ್ಷಿಯನ್, ಜರ್ಮನ್ ಭಾಷೆಗಳ ಕ್ರಿಯಾಪದಗಳ ರೂಪಗಳನ್ನ ಹೋಲಿಸಿ ಪುಸ್ತಕ ತಂದರು. ಅದೇ ವರ್ಷ ಮದ್ರಾಸಿನಲ್ಲಿ ಫ್ರಾನ್ಸಿಸ್ ವೈಟ್ ಎಲ್ಲಿಸ್, ಕ್ಯಾಂಪ್‌ಬೆಲ್ ಅವರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತೆಲುಗು, ಕನ್ನಡ, ತಮಿಳಿನ ಧಾತುಗಳನ್ನ ಪಕ್ಕಪಕ್ಕ ಇಟ್ಟು, ಇವು ಸಂಸ್ಕೃತದಿಂದ ಹುಟ್ಟಿದ್ದಲ್ಲ ಅಂತ ತೋರಿಸಿದರು. ರಷ್ಯನ್ನನ್ನ ಸಂಸ್ಕೃತದ ಒಡಹುಟ್ಟು ಅಂತ ಸಾಬೀತು ಮಾಡೋ ವಿದ್ಯೆಯೂ, ಕನ್ನಡವನ್ನ ಬೇರೆ ಕುಟುಂಬ ಅಂತ ಸಾಬೀತು ಮಾಡೋ ವಿದ್ಯೆಯೂ ಒಂದೇ. ಒಂದನ್ನ ಒಪ್ಕೊಂಡು ಇನ್ನೊಂದನ್ನ ಬಿಡೋಕಾಗಲ್ಲ.

ಇನ್ನು ‘ಕನ್ನಡ ತಮಿಳಿನ ಮಗಳು’ ಅನ್ನೋರಿಗೆ. ನಮ್ಮ ಕಿವಿ ಅವರಲ್ಲಿ ಸೆವಿ, ನಮ್ಮ ಹಳೆಯ ಗೆಯ್ ಅವರಲ್ಲಿ ಸೆಯ್. ಆದರೆ ನಮ್ಮ ಸೇರು ಅವರಲ್ಲೂ ಸೇರ್. ತಮಿಳೇ ತಾಯಿ ಆಗಿದ್ರೆ ಸೆವಿಯ ‘ಸ’ ನಮ್ಮಲ್ಲಿ ‘ಕ’ ಆಗಿ, ಸೇರ್‌ನ ‘ಸ’ ಹಾಗೇ ಉಳಿದಿದ್ದು ಹೇಗೆ? ಮೂಲದಲ್ಲಿ ಕ, ಚ ಬೇರೆ ಇದ್ದವು. ಎ, ಇ ಮುಂದಿದ್ದಾಗ ತಮಿಳಿನ ಕಡೆ ಎರಡೂ ಒಂದಾದವು, ಕನ್ನಡ ಬೇರೆ ಬೇರೆಯಾಗೇ ಇಟ್ಕೊಳ್ತು. ಹಾಗೇ ತಮಿಳು ಪಾಲ್‌ನ ‘ಪ’ ಉಳಿಸ್ಕೊಳ್ತು, ನಾವು ‘ಹ’ ಮಾಡ್ಕೊಂಡ್ವಿ. ನೆಬೊ–ನಭಸ್ ಕಥೆಯೇ ಮತ್ತೆ. ಇಬ್ಬರೂ ಅಕ್ಕತಂಗಿ. ತಾಯಿ ಮೂಲ ದ್ರಾವಿಡ, ಅದರ ಪದಗಳ ತಲೆ ಮೇಲೂ ನಕ್ಷತ್ರ ಇದೆ.

8/8 — ಶೇರ್ ಒತ್ತೋ ಮುಂಚೆ

ಕೆಲವರು ಕೇಳ್ತಾರೆ, ‘ಸಂಸ್ಕೃತ ತಾಯಿ ಅಲ್ಲ ಅಂದ್ರೆ ಅದಕ್ಕೆ ಅವಮಾನ ಅಲ್ವಾ?’ ನನಗೆ ಹಾಗನ್ಸಲ್ಲ. ಪದವನ್ನ ಪ್ರಕೃತಿ, ಪ್ರತ್ಯಯ ಅಂತ ಬಿಡಿಸಿ ನೋಡೋ ಪಾಣಿನಿಯ ಪರಂಪರೆ ಸಿಕ್ಕಿದ್ದರಿಂದಲೇ ಯುರೋಪಿನವರು ಈ ಲೆಕ್ಕವನ್ನ ಇಷ್ಟು ಚೆನ್ನಾಗಿ ಮಾಡೋಕಾಯ್ತು. 1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತವನ್ನ ಬಾಯ್ತುಂಬ ಹೊಗಳಿದರು. ಅದೇ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬಹುಶಃ ಈಗ ಇಲ್ಲದ ಒಂದೇ ಮೂಲದಿಂದ ಬಂದಿರಬೇಕು ಅಂತಾನೂ ಹೇಳಿದರು. ಹೊಗಳೋಕೆ ಸುಳ್ಳು ಬೇಕಾಗಲಿಲ್ಲ.

ಹಾಗಾಗಿ ಇನ್ಮೇಲೆ ‘ಆ ಭಾಷೆ ಈ ಭಾಷೆಯಿಂದ ಹುಟ್ಟಿದ್ದು’ ಅನ್ನೋ ರೀಲ್ ಬಂದ್ರೆ ಮೂರು ಪ್ರಶ್ನೆ ಕೇಳಿ:

ಒಂದು, ಇದು ಒಂದೇ ಜೋಡಿನಾ, ಅಥವಾ ಹಾಲು–ಪಾಲ್ ಥರ ಸಾಲಾಗಿ ಸಿಗುತ್ತಾ?
ಎರಡು, ವಿಭಕ್ತಿ ಹಚ್ಚಿದಾಗಲೂ ಹೋಲಿಕೆ ಉಳಿಯುತ್ತಾ?
ಮೂರು, ತಾಯಿ ಅಂತ ಕರೆಯೋ ಭಾಷೆ ಬೆರೆಸಿಬಿಟ್ಟ ಧ್ವನಿಗಳನ್ನ, ಮಗಳು ಅಂತ ಕರೆಯೋ ಭಾಷೆ ಇನ್ನೂ ಬೇರೆಯಾಗಿ ಇಟ್ಕೊಂಡಿದೆಯಾ? ಇಟ್ಕೊಂಡಿದ್ರೆ ಆ ತಾಯಿ–ಮಗಳ ಕಥೆ ನಿಲ್ಲಲ್ಲ.

ಮೂರಕ್ಕೂ ಉತ್ತರ ಇಲ್ಲದ ರೀಲನ್ನ ದಯವಿಟ್ಟು ಸ್ಟೋರಿಗೆ ಹಾಕಬೇಡಿ. ನಮ್ಮ ಭಾಷೆಯ ಬಗ್ಗೆ ಬೇರೆಯವರು ಇಷ್ಟೇ ಸಲೀಸಾಗಿ ಮಾತಾಡಿದಾಗ ನಮಗೆ ಹೇಗನ್ಸುತ್ತೆ ಅಂತ ನೆನೆಸ್ಕೊಳ್ಳಿ. ರಷ್ಯನ್ನರಿಗೂ, ಪೋಲೆಂಡಿನವರಿಗೂ ಅವರ ಮಾತು ಅಷ್ಟೇ ಪ್ರೀತಿ.

ಈಗ ನಿಮ್ಮ ಸರದಿ. ಮನಸ್ಸು, ವಯಸ್ಸು ಥರ ‘ಸ್ಸು’ವಿಂದ ಮುಗಿಯೋ ಪದಗಳು ಇನ್ನೂ ಎಷ್ಟಿವೆ? ಕಾಮೆಂಟಲ್ಲಿ ಹಾಕಿ. ‘ಬಸ್ಸು’ ಮತ್ತು ‘ಕ್ಲಾಸು’ ಲೆಕ್ಕಕ್ಕಿಲ್ಲ!

#ಪದದ_ಬೇರು #ನೆಬೊ #ಮುಗಿಲು #ವಿಭಕ್ತಿ #ಕನ್ನಡ